ಅಪ್ಪನ ಬೆಲ್ಟಿನ ಕಿಲುಬು

ಮಲಪ್ರಭೆಯ ದಂಡೆಯ ಮೇಲೆ ಎರಡು ಕೋಣೆಗಳ ಒಂದು ಆಶ್ರಮವಿತ್ತು. ಅಲ್ಲಿ ಅಡಿವೆಪ್ಪ ಎಂಬ ಮುದುಕರು ಇದ್ದರು. ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿ ಬಂದೂಕು ದುರಸ್ತಿ ಮಾಡಿ, ಊರಿಗೆ ಬಂದು ಕಾವಿ ಉಟ್ಟವರು. ಸುತ್ತಲಿನ ಜನರಿಗೆ ಅವರು ಹವಾಲ್ದಾರ ಅಜ್ಜ.

ಮಂತ್ರ ಕೇಳಲು, ತಾಯಿತ ಕಟ್ಟಿಸಿಕೊಳ್ಳಲು ಅವರ ಹತ್ತಿರ ಯಾರೂ ಬರುತ್ತಿರಲಿಲ್ಲ. ಸೈನ್ಯಕ್ಕೆ ಹೋದವರ ಹಳೆಯ ಸಾಮಾನು ಹಿಡಿದು ಬರುತ್ತಿದ್ದರು. ತುಕ್ಕು ಹಿಡಿದ ಕತ್ತಿ, ಮುಚ್ಚಳ ತಿರುಗದ ನೀರಿನ ಬಾಟಲಿ, ಹಸಿರುಗಟ್ಟಿದ ಪದಕ. ಅಜ್ಜ ಅವುಗಳನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, ಶುಚಿ ಮಾಡಿ ಹಿಂದಕ್ಕೆ ಕೊಡುತ್ತಿದ್ದರು.

ಒಂದು ಬೇಸಿಗೆಯ ಬೆಳಿಗ್ಗೆ ಕಾಶವ್ವ ಎಂಬ ಹೆಂಗಸು ಅಲ್ಲಿಗೆ ಬಂದಳು. ವಯಸ್ಸು ನಲವತ್ತೆರಡು. ಹೊಳೆಯಾಚೆಯ ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡಿ ಹಾಕುವವಳು. ಕೈಯಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟಿತ್ತು.

ಗಂಟು ಬಿಚ್ಚಿದಳು. ಒಳಗೆ ತೊಗಲಿನ ಬೆಲ್ಟು. ಅದರ ಹಿತ್ತಾಳೆಯ ಬಕಲ್ಲು, ಗುಂಡಿ, ಕೊಂಡಿಗಳೆಲ್ಲ ಮೇಣ ಮೆತ್ತಿದ ಹಾಗೆ ಹಸಿರು ಕಿಲುಬಿನಲ್ಲಿ ಮುಳುಗಿದ್ದವು.

"ಅಜ್ಜಾರ, ಇದನ್ನ ಹೊಸದರಂಗ ಮಾಡಿಕೊಡ್ರಿ."

"ಯಾರದು?"

"ನಮ್ಮಪ್ಪಂದ್ರಿ. ನಾ ಅವ್ವನ ಹೊಟ್ಟ್ಯಾಗಿದ್ದಾಗ ಗಡಿಯೊಳಗ ಹಿಮದಾಗ ಸಿಕ್ಕು ಹೋದ್ರು. ಮೈ ಸಿಗಲಿಲ್ಲ. ಟ್ರಂಕು ಬಂತು. ಅವ್ವ ಅದರ ಕೀಲಿ ತೆಗೀಲಿಲ್ಲ, ಯಾರಿಗೂ ತೆಗೀಗೊಡಲಿಲ್ಲ. ಹೋದ ಕಾರ್ತಿಕದಾಗ ಅವ್ವನೂ ಹೋದಳು."

"ನೀ ತೆಗದಿ."

"ಹೌದ್ರಿ. ಅರಿವಿ ಎಲ್ಲಾ ಹುಳಾ ತಿಂದಿತ್ತು. ಇದೊಂದು ಉಳದಿತ್ತು."

ಅಜ್ಜ ಬೆಲ್ಟನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದರು.

"ಹೊಸದಿದ್ದಾಗ ಇದನ್ನ ನೀ ನೋಡಿಯೇನು?"

"ಇಲ್ರಿ. ಹೆಂಗ ನೋಡ್ಲಿ?"

"ಮತ್ತ ಹೊಸದರಂಗ ಆಗೇತಿ ಅಂತ ನಿನಗ ಹೆಂಗ ಗೊತ್ತಾಗತೈತಿ?"

ಕಾಶವ್ವ ಮನೆಯಿಂದ ನಡೆದು ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು.

"ನೀವೂ ಅದ ಸೈನ್ಯದಾಗ ಇದ್ರಿ. ನಮ್ಮಪ್ಪ ನಿಮಗ ಗೊತ್ತಿದ್ದರೇನ್ರಿ? ಹಣಮಂತಪ್ಪ ಅಂತ."

"ಇಲ್ಲ ತಂಗಿ. ಬಂದವರೆಲ್ಲಾ ಇದನ್ನ ಕೇಳ್ತಾರ. ಸೈನ್ಯ ಬಾಳ ದೊಡ್ಡದು."

ಅವಳ ಮುಖ ಇಳಿದುಹೋಯಿತು. ಅಜ್ಜ ಅದನ್ನು ಕಂಡರು.

"ನಾ ಇದನ್ನ ಮಾಡಿಕೊಡೂದಿಲ್ಲ. ಬೇಕಾದರ ಕಲಸ್ತೀನಿ. ಸಾಲಿ ಸೂಟಿ ಎಷ್ಟ ದಿನ ಐತಿ?"

"ಇನ್ನ ನಾಕು ವಾರ ಐತ್ರಿ."

"ಆ ಗೂಟಕ್ಕ ಬೆಲ್ಟು ತೂಗಹಾಕು. ನಾಳೆಯಿಂದ ಬಾ."

ಮರುದಿನ ಅವಳ ಕೈಗೆ ಬಂದದ್ದು ಯಾರದೋ ನೀರಿನ ಬಾಟಲಿ. ಅದಕ್ಕೆ ವಾರಸುದಾರರಿರಲಿಲ್ಲ. ಅದರ ಪಟ್ಟಿಗೆ ನಾಲ್ಕು ಹಿತ್ತಾಳೆ ಗುಂಡಿಗಳು, ನಾಲ್ಕಕ್ಕೂ ಕಿಲುಬು. ಜೊತೆಗೆ ಅಜ್ಜ ಒಂದು ಬಿದಿರು ಕಡ್ಡಿ, ಒಂದು ಹತ್ತಿ ಉಂಡೆ, ಗಾಜಿನ ಸೀಸೆಯ ತಳದಲ್ಲಿ ಒಂದಿಷ್ಟು ಸ್ಪಿರಿಟ್ ಕೊಟ್ಟರು.

ಕಾಶವ್ವನಿಗೆ ನಗು ಬಂತು. ದಿನಾ ಇನ್ನೂರು ಮಕ್ಕಳ ಅಡುಗೆಯ ಪಾತ್ರೆ ತಿಕ್ಕುವ ಕೈ ಅವಳದು.

"ಅಜ್ಜಾರ, ಇಷ್ಟಕ್ಕ ಕಡ್ಡಿ ಯಾಕ್ರಿ? ಹುಣಸಿಹಣ್ಣು, ಇಟ್ಟಂಗಿ ಪುಡಿ ಕೊಡ್ರಿ. ಅರ್ಧ ತಾಸಿನಾಗ ಬಂಗಾರದಂಗ ಮಾಡ್ತೀನಿ."

"ಇದರಾಗ ಎಷ್ಟ ಬಣ್ಣ ಕಾಣತಾವ?"

"ಹಸರು. ಅದರ ಬುಡಕ್ಕ ಕಂದು."

"ಹಸರು ರೋಗ. ಹಿತ್ತಾಳಿಯನ್ನ ತಿಂತೈತಿ. ಅದನ್ನ ಕಡ್ಡೀಲೆ ಎಬ್ಬಿಸು. ಕಂದು ಅದರ ತೊಗಲು. ಅದನ್ನ ಮುಟ್ಟಬ್ಯಾಡ."

"ಸೈನ್ಯದಾಗ ದಿನಾ ಹೊಳಸ್ತಿದ್ದರಂತಲ್ರಿ?"

"ಹೊಳಸ್ತಿದ್ರು. ಮುಂಜಾನೆ ಸಾಲಿನಾಗ ನಿಂತಾಗ ಬಕಲಿನಾಗ ಮುಖ ಕಾಣಬೇಕಿತ್ತು."

"ಮತ್ತ ನಾ ಹೊಳಸಿದರ ತಪ್ಪೇನ್ರಿ?"

"ಅವ ಹೊಳಸಿದಾಗ ಅವನ ಮುಖ ಕಾಣ್ತಿತ್ತು. ನೀ ಹೊಳಸಿದರ ಯಾರದು ಕಾಣತೈತಿ?"

ಕಾಶವ್ವ ಕಡ್ಡಿ ಹಿಡಿದಳು.

ಒಂದು ಗುಂಡಿಗೆ ಒಂದು ದಿನ ಹಿಡಿಯಿತು. ಕಡ್ಡಿಯ ತುದಿಯಿಂದ ಅಕ್ಕಿಕಾಳಿನಷ್ಟು ಹಸಿರು ಎಬ್ಬಿಸಬೇಕು, ಹತ್ತಿಯಲ್ಲಿ ಒರೆಸಬೇಕು, ಮತ್ತೆ ಕಡ್ಡಿ. ಜೋರು ಮಾಡಿದರೆ ಕಂದಿಗೆ ಗೀರು ಬೀಳುತ್ತಿತ್ತು. ಮೂರನೆಯ ದಿನಕ್ಕೆ ಅವಳ ಬೆರಳ ಗೆಣ್ಣುಗಳು ಬಾತುಕೊಂಡವು.

ಕೈ ಬಾಟಲಿಯ ಮೇಲಿದ್ದರೂ ಕಣ್ಣು ಗೂಟದ ಕಡೆಗೇ ಹೋಗುತ್ತಿತ್ತು. ಗಾಳಿಗೆ ಬೆಲ್ಟು ಗೋಡೆಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು. ಆ ಸದ್ದಿಗೆ ಅವಳು ತಲೆ ಎತ್ತುತ್ತಿದ್ದಳು. ಯಾರೋ ಅಂಗಿ ತೊಟ್ಟು, ಬೆಲ್ಟು ಬಿಗಿದು, ಹೊರಗೆ ಹೊರಡಲು ನಿಂತ ಹಾಗೆ ಅನಿಸುತ್ತಿತ್ತು.

"ಅಜ್ಜಾರ, ಅದನ್ನ ಯಾವಾಗ ಕೊಡ್ತೀರಿ?"

"ಕೇಳೂದು ಬಿಟ್ಟಾಗ."

ಎಂಟನೆಯ ದಿನ ಅಜ್ಜ ಪಕ್ಕದ ಊರಿಗೆ ಹೋಗಬೇಕಾಯಿತು. ಹೋಗುವಾಗ ಏನೂ ಹೇಳಲಿಲ್ಲ.

ಅವರು ಕೂರುವ ಜಾಗದಲ್ಲಿ ಬಟ್ಟೆಯ ಮೇಲೆ ಒಂದು ಬಿಲ್ಲೆ ಇತ್ತು. ಸಿಪಾಯಿಗಳು ಟೊಪ್ಪಿಗೆಗೆ ಚುಚ್ಚಿಕೊಳ್ಳುವಂಥದು, ಹಿತ್ತಾಳೆಯದು. ಮುಖದ ಮೇಲಿನ ಹಸಿರನ್ನೆಲ್ಲ ಅಜ್ಜ ತೆಗೆದಿದ್ದರು. ಬೆನ್ನಿನ ಕಡೆ ಮಾತ್ರ ಕಪ್ಪಾಗಿಯೇ ಇತ್ತು. ಅದರಲ್ಲಿ ಹಸಿರು ಚುಕ್ಕಿಗಳು.

ಇದೊಂದನ್ನು ನಾನೇ ಮುಗಿಸಿದರೆ ಅಜ್ಜ ಮೆಚ್ಚಿಕೊಂಡಾರು, ಬೆಲ್ಟು ಬೇಗ ಕೈಗೆ ಬಂದೀತು ಎಂದು ಕಾಶವ್ವನಿಗೆ ಅನಿಸಿತು. ಒಲೆಯ ಹತ್ತಿರ ಹುಣಸೆಹಣ್ಣಿತ್ತು. ಹಿತ್ತಿಲಲ್ಲಿ ಇಟ್ಟಿಗೆ ಚೂರಿತ್ತು.

ಅರ್ಧ ಗಂಟೆ ತಿಕ್ಕಿದಳು. ಬಿಲ್ಲೆ ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆಯಿತು. ಹಿಂದೆ ಮುಂದೆ ಒಂದೇ ಬಣ್ಣ.

ಸಂಜೆ ಅಜ್ಜ ಬಂದರು. ಬಿಲ್ಲೆಯನ್ನು ಎತ್ತಿ ತಿರುಗಿಸಿ ನೋಡಿದರು. ಅದೇ ಬಟ್ಟೆಯ ಮೇಲೆ ಇಟ್ಟರು. ಬೈಯಲಿಲ್ಲ.

"ನಾಳೆ ಇದನ್ನ ಒಯ್ಯಾಕ ಸಾಂವಕ್ಕ ಬರ್ತಾಳ. ನೀನ ಕೊಡು" ಎಂದಷ್ಟೇ ಹೇಳಿದರು.

ಸಾಂವಕ್ಕ ಬಂದಳು. ಎಂಬತ್ತರ ಹತ್ತಿರದ ಮುದುಕಿ. ಬಿಲ್ಲೆ ಅವಳ ಮಗನದು. ಅವನು ತೀರಿಕೊಂಡು ಬಹಳ ವರ್ಷವಾಗಿತ್ತು.

ಕಾಶವ್ವ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮುದುಕಿ ಅದರ ಮುಖ ನೋಡಲೇ ಇಲ್ಲ. ಸೀದಾ ಬೆನ್ನು ತಿರುಗಿಸಿದಳು. ಕಣ್ಣಿಗೆ ಹತ್ತಿರ ಹಿಡಿದಳು. ಹೆಬ್ಬೆರಳಿನಿಂದ ಸವರಿದಳು. ಮತ್ತೆ ಸವರಿದಳು.

"ಇದು ನಮ್ಮದಲ್ಲವಾ."

ಕಾಶವ್ವ ಬಿಲ್ಲೆಯತ್ತ ಬಗ್ಗಿದಳು.

"ನಮ್ಮದರ ಬೆನ್ನಿಗೆ 'ಸಾ' ಅಂತ ಬರದಿತ್ತು. ನನ್ನ ಹೆಸರಿನ ಅಕ್ಷರ. ಸೂಜೀಲೆ ಗೀರಿದ್ದ ನನ್ನ ಮಗ. ಓದಾಕ ನನಗ ಬರೂದಿಲ್ಲ, ಅದೊಂದು ಅಕ್ಷರ ಬರ್ತೈತಿ. ಒಳಗ ಇರಬೇಕು. ಹುಡಕವಾ."

ಮುದುಕಿ ಬೇವಿನ ಮರದ ಬುಡದಲ್ಲಿ ಕುಳಿತಳು. ಕಾಶವ್ವ ಅಜ್ಜನ ಕಡೆ ನೋಡಿದಳು. ಅವರು ತಂಬಿಗೆ ಎತ್ತಿಕೊಂಡು ಮುದುಕಿಗೆ ನೀರು ತರಲು ಹೊಳೆಗೆ ಇಳಿದರು.

ಕಾಶವ್ವ ಒಳಗೆ ಹೋದಳು. ಹುಡುಕಲು ಅಲ್ಲಿ ಏನೂ ಇರಲಿಲ್ಲ. ಹೊರಗೆ ಬಂದು ಮುದುಕಿಯ ಮುಂದೆ ನೆಲದ ಮೇಲೆ ಕುಳಿತಳು.

"ಯವ್ವಾ, ಇದು ನಿಮ್ಮದ ಐತಿ. ನಾ ತಿಕ್ಕಿದೆ. ಅಕ್ಷರ ಹೋತು."

ಸಾಂವಕ್ಕ ಬಿಲ್ಲೆಯನ್ನು ನೋಡಲಿಲ್ಲ. ಕಾಶವ್ವನ ಕೈಗಳನ್ನು ನೋಡಿದಳು. ಪಾತ್ರೆ ತಿಕ್ಕುವ ಬೂದಿ, ಸೋಡಾದಿಂದ ಒರಟಾದ ಕೈಗಳು. ಅವುಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಬಾಳ ಚಂದ ತಿಕ್ಕೀಯವಾ" ಎಂದಳು.

ಅಷ್ಟು ಹೇಳಿ, ಬಿಲ್ಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಅಜ್ಜ ತಂದ ನೀರು ಕುಡಿದು, ಎದ್ದು ನಡೆದಳು.

ಕಾಶವ್ವ ಬಹಳ ಹೊತ್ತು ಏಳಲಿಲ್ಲ. ಮುದುಕಿ ಬೈದಿದ್ದರೆ, ಶಾಪ ಹಾಕಿದ್ದರೆ ತಡೆದುಕೊಳ್ಳಬಹುದಿತ್ತು. ಕೊನೆಗೆ ಎದ್ದು, ಗೂಟದಿಂದ ಬೆಲ್ಟು ತೆಗೆದು, ಸೀರೆಯ ತುಂಡಿನಲ್ಲಿ ಸುತ್ತಿದಳು.

"ಹೋಗ್ತೀನ್ರಿ ಅಜ್ಜಾರ. ನನ್ನಂಥಾಕಿಗೆ ಕಲಸಬ್ಯಾಡ್ರಿ."

ಅಜ್ಜ ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ಅವಳ ಮುಂದೆ ತಂದಿಟ್ಟರು.

"ತೆಗಿ."

ಒಳಗೆ ಒಂದು ಬಕಲ್ಲು ಇತ್ತು. ನುಣ್ಣಗೆ, ಹೊಚ್ಚ ಹೊಸದರ ಹಾಗೆ. ಅದರಲ್ಲಿ ಕಾಶವ್ವನಿಗೆ ಅತ್ತು ಕೆಂಪಾದ ತನ್ನ ಕಣ್ಣುಗಳು ಕಂಡವು.

"ಯಾರದ್ರಿ ಇದು?"

"ನಮ್ಮಣ್ಣಂದು. ಯುದ್ಧದಾಗ ಹೋದ. ಅವನ ಸಾಮಾನು ನನ್ನ ಕೈಗೇ ಬಂತು. ನಾ ಆಗ ಹುರುಪಿನ ಕೆಲಸಗಾರ. ಒಂದ ಮಧ್ಯಾಹ್ನದಾಗ ಹಿಂಗ ಮಾಡಿದೆ. ಅವನ ಬೆವರು, ಅವನ ಉಗುರಿನ ಗೀರು, ಎಲ್ಲಾ ಹೋತು. ನಮ್ಮವ್ವ ಇದನ್ನ ನೋಡಿ, ಅಂಗಡ್ಯಾಗ ತಂದಿಯೇನು ಅಂತ ಕೇಳಿದಳು."

"ನೀವು ಏನಂದ್ರಿ?"

"ಹೌದಂದೆ."

ಹೊಳೆಯ ಮೇಲಿಂದ ಗಾಳಿ ಬೀಸಿತು.

"ನಿನಗ ನಿಜ ಹೇಳಾಕ ಆತು. ನನಗ ಆಗಿರಲಿಲ್ಲ" ಎಂದರು ಅಜ್ಜ. "ಆ ಗಂಟು ಬಿಚ್ಚು. ಇವತ್ತ ಬೆಲ್ಟಿಗೆ ಕೂಡು."

"ಇವತ್ತ? ಕೈ ನಡಗಾಕ ಹತ್ತೇತ್ರಿ."

"ಅದಕ್ಕ ಇವತ್ತ."

ಕಾಶವ್ವ ಬೆಲ್ಟನ್ನು ತೊಡೆಯ ಮೇಲೆ ಹಾಸಿಕೊಂಡಳು. ಮೊದಲ ಸಲ ಅವಳು ಕಡ್ಡಿಯನ್ನು ತಡೆದು ತಡೆದು ಆಡಿಸಿದಳು. ಒಂದೊಂದು ಸಲ ಹಸಿರು ಎಬ್ಬಿಸುವ ಮುಂಚೆ ಕೆಳಗೆ ಏನಿದ್ದೀತು ಎಂದು ಬಗ್ಗಿ ನೋಡಿದಳು. ಕಿಲುಬು ಹಿತ್ತಾಳೆಯ ಅಂಚಿನಲ್ಲಿ, ತೊಗಲು ತಾಗುವ ಕಡೆಯಲ್ಲೇ ದಪ್ಪವಾಗಿತ್ತು. ಅದು ಜಿಗುಟಾಗಿ, ಹಳೇ ತುಪ್ಪದ ಹಾಗೆ ಎದ್ದು ಬರುತ್ತಿತ್ತು.

ದಿನಗಳು ಹೋದವು. ಅವಳು ಯಾವಾಗ ಮುಗಿಯುತ್ತದೆ ಎಂದು ಕೇಳುವುದನ್ನು ಬಿಟ್ಟಳು. ಸಂಜೆ ಮನೆಗೆ ಹೋಗುವಾಗ ಮುಗಿಯದೇ ಇರಲಿ ಎಂದೂ ಅನಿಸತೊಡಗಿತು.

ಬಕಲ್ಲಿನ ಬಲಗಡೆಯ ಅಂಚು ಎಡಗಡೆಗಿಂತ ಸವೆದಿತ್ತು. ಅವಳು ತನ್ನ ಹೆಬ್ಬೆರಳು ಅಲ್ಲಿ ಇಟ್ಟು ನೋಡಿದಳು. ಬೆರಳು ಸರಿಯಾಗಿ ಕೂತಿತು.

"ಅಜ್ಜಾರ, ಇಲ್ಲಿ ಹಿಡೀತಿದ್ದರೇನ್ರಿ?"

"ಇರಬೇಕು."

ಅವಳು ಬಹಳ ಹೊತ್ತು ಆ ಬೆರಳನ್ನು ತೆಗೆಯಲಿಲ್ಲ.

ಮೂರನೆಯ ವಾರದಲ್ಲಿ ತೂತುಗಳ ಸುತ್ತಲಿನ ಹಿತ್ತಾಳೆ ಬಳೆಗಳಿಗೆ ಬಂದಳು. ಒಟ್ಟು ಐದು ತೂತು, ಐದಕ್ಕೂ ಬಳೆ. ಒಂದೊಂದೇ ಶುಚಿ ಮಾಡುತ್ತಾ ಹೋದಳು. ಐದೂ ದುಂಡಗೇ ಇದ್ದವು, ಬಳಸಿದ ಗುರುತೇ ಇಲ್ಲ. ಐದನೆಯದರಿಂದ ನಾಲ್ಕು ಬೆರಳು ಒಳಗೆ, ಬಳೆಯಿಲ್ಲದ ಆರನೆಯ ತೂತು ಒಂದು ಕಂಡಿತು. ಮೊಳೆಯಿಂದ ಚುಚ್ಚಿದ್ದು, ಸೊಟ್ಟಗೆ. ಅದೊಂದೇ ಎಳೆದು ಎಳೆದು ಉದ್ದವಾಗಿತ್ತು.

ಕಾಶವ್ವ ಎದ್ದು ನಿಂತಳು. ಬೆಲ್ಟನ್ನು ತನ್ನ ಸೊಂಟಕ್ಕೆ ಸುತ್ತಿದಳು. ಬಕಲ್ಲಿನ ಮುಳ್ಳು ಆ ತೂತಿನ ಹತ್ತಿರಕ್ಕೂ ಬರಲಿಲ್ಲ. ಒಂದು ಗೇಣು ಕಡಿಮೆ ಬಿತ್ತು.

"ಅಜ್ಜಾರ."

"ಏನವಾ?"

"'ನಿಮ್ಮಪ್ಪ ಆನಿ ಹಂಗಿದ್ದ, ಬಾಗಲದಾಗ ಬಗ್ಗಿ ಬರ್ತಿದ್ದ' ಅಂತಿದ್ಲು ಅವ್ವ. ನಾ ಸಣ್ಣಾಕಿದ್ದಾಗಿಂದ ಹಂಗ ನೆನಸ್ಕೋತಿದ್ದೆ. ಯಾರಾದರೂ ಗಟ್ಟಿಮುಟ್ಟಾದ ಗಂಡಸು ದಾರಿಯೊಳಗ ಹಾದುಹೋದರ, ಹಿಂಗ ಇದ್ದಾನು ಅಂತ ತಿರುಗಿ ನೋಡ್ತಿದ್ದೆ." ಅವಳು ಆರನೆಯ ತೂತಿನ ಮೇಲೆ ಬೆರಳಿಟ್ಟಳು. "ಇವ ಇನ್ನೂ ಹುಡುಗ್ರಿ. ಕಡ್ಡಿ ಹಂಗ ಇದ್ದ. ಸೈನ್ಯದವರು ಕೊಟ್ಟ ಬೆಲ್ಟು ಸಡ್ಲಾಗಿ, ತಾನ ತೂತು ಮಾಡಿಕೊಂಡಾನ."

"ಎಷ್ಟ ವಯಸ್ಸು?"

"ಇಪ್ಪತ್ಮೂರು ಅಂತ್ರಿ. ಇಪ್ಪತ್ಮೂರು ಅಂತ ಗೊತ್ತಿತ್ತು. ಆದರೂ ನನಗಿಂತ ದೊಡ್ಡಾಂವ ಅಂತನ ತಿಳಕೊಂಡಿದ್ದೆ."

ಅವಳು ಕುಳಿತಳು. ಶಾಲೆಯಲ್ಲಿ ಊಟದ ಸಾಲಿನಲ್ಲಿ ಸೊರಗಿದ ಮಕ್ಕಳು ಬಂದರೆ ಅವಳು ಕೇಳದೆಯೇ ಒಂದು ಸೌಟು ಹೆಚ್ಚು ಬಡಿಸುತ್ತಿದ್ದಳು. ಈಗ ಅವಳಿಗೆ ಅಪ್ಪನನ್ನು ನೋಡುವ ಆಸೆಯಾಗಲಿಲ್ಲ. ಅವನಿಗೆ ಊಟಕ್ಕೆ ಬಡಿಸುವ ಆಸೆಯಾಯಿತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಒಂದಿಷ್ಟು ಮೊಸರು. ಸಾಕು ಅಂದರೂ ಬಿಡಬಾರದು, ಇನ್ನೊಂದು ಹಾಕಬೇಕು.

"ಅವ್ವ ನನಗ ಸುಳ್ಳ ಹೇಳಿದಳೇನ್ರಿ?"

"ನಿಮ್ಮವ್ವ ಅವನ ಜೋಡಿ ಎಷ್ಟ ದಿನ ಇದ್ದಳು?"

"ಐದ ತಿಂಗಳು."

"ಅವನನ್ನ ಎಷ್ಟ ವರ್ಷ ಹೊತ್ತಳು?"

ಕಾಶವ್ವ ಲೆಕ್ಕ ಹಾಕಲಿಲ್ಲ. ಅದು ಅವಳ ವಯಸ್ಸೇ.

"ಹೊತ್ತವರಿಗೆ ಗೊತ್ತು ಭಾರ" ಎಂದರು ಅಜ್ಜ. "ನೀ ಹೇಳೂದೂ ಖರೆ. ಆಕಿ ಹೇಳಿದ್ದೂ ಖರೆ."

ಅಂದು ಅವಳು ಬೇಗ ಮನೆಗೆ ಹೋದಳು. ಮರುದಿನ ಬರುವಾಗ ಬುತ್ತಿ ಕಟ್ಟಿಕೊಂಡು ಬಂದಳು. ರೊಟ್ಟಿ, ಎಣ್ಣೆಗಾಯಿ, ಮೊಸರು. ಅಜ್ಜ ಏನೂ ಕೇಳದೆ ಕುಳಿತು ಉಂಡರು. ಸಾಕು ಎಂದರು. ಅವಳು ಇನ್ನೊಂದು ರೊಟ್ಟಿ ಹಾಕಿದಳು. ಅದನ್ನೂ ಉಂಡರು.

ಶಾಲೆ ಶುರುವಾಗಲು ಎರಡು ದಿನ ಉಳಿದಿತ್ತು. ಬೆಲ್ಟಿನ ಮೇಲೆ ಎಲ್ಲಿಯೂ ಹಸಿರು ಕಾಣುತ್ತಿರಲಿಲ್ಲ. ಹಿತ್ತಾಳೆ ಹೊಳೆಯಲಿಲ್ಲ. ಬೆಲ್ಲದ ಬಣ್ಣಕ್ಕೆ ತಿರುಗಿ, ತನ್ನಷ್ಟಕ್ಕೆ ತಾನಿತ್ತು. ಕಿಲುಬು ತಿಂದ ಕಡೆ ಸಾಸಿವೆಯಷ್ಟು ಸಣ್ಣ ಕುಳಿಗಳು ಉಳಿದಿದ್ದವು.

"ಈ ಕುಳಿ ತುಂಬತಾವೇನ್ರಿ?"

"ಇಲ್ಲ."

ಅಜ್ಜ ಅವಳ ಕೈಗೆ ಒಂದು ಚೂರು ಜೇನುಮೇಣ ಕೊಟ್ಟರು. ಅವಳು ಅದನ್ನು ಬಟ್ಟೆಗೆ ಸವರಿ, ಹಿತ್ತಾಳೆಯ ಮೇಲೆ ತೆಳ್ಳಗೆ ಹಚ್ಚಿದಳು. ಬಕಲ್ಲಿಗೆ, ಗುಂಡಿಗಳಿಗೆ, ಐದು ಬಳೆಗಳಿಗೆ. ಆರನೆಯ ತೂತಿಗೆ ಹಚ್ಚಲು ಹಿತ್ತಾಳೆ ಇರಲಿಲ್ಲ. ಅದರ ಸುತ್ತ ಬರೀ ಬೆರಳಾಡಿಸಿದಳು.

ಎಲ್ಲ ಮುಗಿದ ಮೇಲೆ ಬೆಲ್ಟನ್ನು ಸುತ್ತಿ ಸೀರೆಯ ತುಂಡಿನಲ್ಲಿ ಇಟ್ಟಳು. ಗಂಟು ಹಾಕುವ ಮುಂಚೆ ಅವಳ ಕೈ ನಿಂತಿತು.

"ಅಜ್ಜಾರ, ಇದು ಮತ್ತ ಬರ್ತೈತೇನ್ರಿ? ಹಸರು?"

"ಬರ್ತೈತಿ."

"ಇಷ್ಟೆಲ್ಲಾ ಮಾಡಿದ ಮ್ಯಾಲೂ?"

"ತೊಗಲಿನ ಒಳಗಿನ ಎಣ್ಣಿ ಹಿತ್ತಾಳಿಗೆ ತಾಗತೈತಿ. ಅಲ್ಲೇ ಹುಟ್ಟತೈತಿ ಅದು. ವರ್ಷಕ್ಕೊಮ್ಮೆ ನೋಡು. ಬಂದಿದ್ದರ ಕಡ್ಡಿ ಹಿಡಿ."

"ನಾ ಇರೂ ತನಕ?"

"ನೀ ಇರೂ ತನಕ."

ಕಾಶವ್ವ ಗಂಟನ್ನು ಎದೆಗೆ ಒತ್ತಿಕೊಂಡಳು. ಹೊಳೆಯ ಆಚೆ ದಂಡೆಯಲ್ಲಿ ಅವಳ ಊರಿನ ದಾರಿ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಅವಳು ಅಜ್ಜನ ಪಾದ ಮುಟ್ಟಿ ನಮಸ್ಕರಿಸಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದಳು.

"ಎಂದೂ ಬರದಂಗ ಮಾಡೂ ದಾರಿ ಒಂದೂ ಇಲ್ಲೇನ್ರಿ?"

"ಐತಿ" ಎಂದರು ಅಜ್ಜ. "ಹೊಲಿಗಿ ಬಿಚ್ಚಿ, ತೊಗಲು ಒಂದ ಕಡೆ, ಹಿತ್ತಾಳಿ ಒಂದ ಕಡೆ ಇಟ್ಟುಬಿಡು. ಎರಡರಾಗ ಯಾವುದನ್ನ ಅಪ್ಪಾ ಅಂತಿ?"